ಗಾಜಿನ ಜಾಡಿಯೊಳಗಿನ ಅಳಿಲು

ನಾನು ಚಿಕ್ಕವನಿದ್ದಾಗ ಶಾಲೆಯ ಗೇಟು ದಾಟಿದ ಕೂಡಲೇ ಅಪ್ಪನನ್ನು ‘ಸಾರ್’ ಎಂದು ಕರೆಯಬೇಕಿತ್ತು. ನಗಬೇಡಿ ಮಕ್ಕಳೇ, ಆಗ ಮೇಷ್ಟ್ರ ಮಕ್ಕಳ ಪಾಡೇ ಹಾಗಿತ್ತು. ಅಮೃತೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಅಪ್ಪ ವಿಜ್ಞಾನ ಕಲಿಸುತ್ತಿದ್ದರು. ನಾನು ಅಲ್ಲೇ ಎಂಟನೇ ಕ್ಲಾಸು, ಅಕ್ಕ ಹತ್ತನೇ ಕ್ಲಾಸು. ಮನೆಯಲ್ಲಿ ಅಪ್ಪನ ತಟ್ಟೆಯಿಂದಲೇ ತುತ್ತು ಕಸಿಯುತ್ತಿದ್ದ ನಾನು ಕ್ಲಾಸಿನಲ್ಲಿ ಕೈ ಎತ್ತದೆ ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ಅಪ್ಪ, ನಾಳೆ ಗಾಳಿಯ ಪಾಠ, ಪ್ರಯೋಗಕ್ಕೆ ಯಾರಾದರೂ ಇಲಿ ಹಿಡಿದು ತನ್ನಿ ಎಂದರು. ಇಲಿ ಸಿಗುವುದು ಅನುಮಾನ ಅನ್ನಿಸಿತು. ಹೇಗಾದರೂ ಎಲ್ಲರೆದುರು ಅಪ್ಪನಿಂದ ‘ಭೇಷ್’ ಅನ್ನಿಸಿಕೊಳ್ಳಬೇಕೆಂಬ ಹುಚ್ಚು ನನಗೆ. ಅಕ್ಕ ಒಂದು ಅಳಿಲು ಸಾಕಿದ್ದಳು. ತೆಂಗಿನ ಮರದಿಂದ ಬಿದ್ದ ಕಣ್ಣು ಬಿಡದ ಮರಿಗೆ ಹತ್ತಿಯಲ್ಲಿ ಹಾಲು ಹಿಂಡಿ ಬದುಕಿಸಿದ್ದಳು. ಬೆಳಿಗ್ಗೆ ಅವಳು ಜಡೆ ಹೆಣೆದುಕೊಳ್ಳುತ್ತಿದ್ದಾಗ ಅದನ್ನು ಚೀಲಕ್ಕೆ ಹಾಕಿಕೊಂಡೆ. ದಾರಿಯುದ್ದಕ್ಕೂ ಅದು ನನ್ನ ಬೆನ್ನಿಗೆ ಬೆಚ್ಚಗೆ ಅಂಟಿಕೊಂಡಿತ್ತು.

ಅಳಿಲನ್ನು ಕಂಡ ಅಪ್ಪ ಒಂದು ಗಳಿಗೆ ತಡೆದರು. “ಅಕ್ಕನ್ನ ಕೇಳಿದ್ಯೇನೋ?”

“ಹೂಂ ಸಾರ್,” ಎಂದೆ. ಸುಳ್ಳು.

“ಸರಿ, ಸೋತ ತಕ್ಷಣ ಎತ್ತಿಬಿಡ್ತೀನಿ. ಏನೂ ಆಗಲ್ಲ,” ಎಂದು ಅಪ್ಪ ಅದನ್ನು ಮೇಜಿನ ಮೇಲೆ ಬಿಟ್ಟು ದೊಡ್ಡ ಗಾಜಿನ ಜಾಡಿಯನ್ನು ಬೋರಲು ಹಾಕಿದರು. ಗಾಳಿ ನುಗ್ಗದಂತೆ ಅಂಚಿಗೆ ವ್ಯಾಸಲೀನ್ ಮೆತ್ತಿದರು. ಕೋಣೆಯಲ್ಲಿ ಸ್ಪಿರಿಟ್ಟು, ಗಂಧಕಗಳ ವಾಸನೆ. ಅಷ್ಟರಲ್ಲಿ ಜವಾನ ಓಡಿಬಂದ. ಕುಣಿಗಲ್ಲಿನಿಂದ ಇನ್‌ಸ್ಪೆಕ್ಟರು ಬಂದಿದ್ದಾರೆ, ಹೆಡ್‌ಮೇಷ್ಟ್ರು ಕರೆಯುತ್ತಿದ್ದಾರೆ ಎಂದ. “ಒಂದ್ನಿಮಿಷ. ನಾನ್ ಬರೋಗಂಟ ಯಾರೂ ಮುಟ್ಟಂಗಿಲ್ಲ. ನೋಡಿ, ಬರ್ಕೊಳಿ,” ಎಂದು ಅಪ್ಪ ಹೋದರು.

ಪ್ರಯೋಗದ ಮೇಜನ್ನು ಮೇಷ್ಟ್ರಲ್ಲದೆ ಬೇರೆ ಯಾರೂ ಮುಟ್ಟಬಾರದು. ಅದು ನಮ್ಮ ಕ್ಲಾಸಿನ ಮೊದಲ ಪಾಠ. ನಾವು ನೋಡಿದೆವು, ಬರೆದೆವು. ಅಳಿಲು ಮೊದಮೊದಲು ಸುತ್ತು ಹಾಕಿತು. ಆಮೇಲೆ ಗಾಜಿಗೆ ಮುಂಗಾಲು ಕೊಟ್ಟು ನಿಂತಿತು. ಒಳಗೆಲ್ಲ ಮಂಜು ಕವಿಯಿತು. ಅಪ್ಪ ಬರಲಿಲ್ಲ. ಅದರ ಹೊಟ್ಟೆ ಜೋರಾಗಿ ಬಡಿದುಕೊಳ್ಳತೊಡಗಿತು.

“ಎತ್ತ್‌ಲಾ, ನಿಮ್ಮಪ್ಪನೇ ಅಲ್ವೇನ್ಲಾ,” ಎಂದು ಪಕ್ಕದವನು ಪಿಸುಗುಟ್ಟಿದ.

“ಸಾರ್ ಬೈತಾರೆ ಕಣ್ಲಾ,” ಎಂದೆ ನಾನು.

ಅಯ್ಯೋ, ಆ ಮಾತು ಆಡಿದ್ದು ನಾನೇ. ಕೈ ಎತ್ತಿ ಕೂತಿದ್ದೆ, ಅನುಮತಿ ಕೊಡಬೇಕಾದವರು ಅಲ್ಲಿರಲಿಲ್ಲ. ಅಳಿಲು ಗಾಜಿನ ಮೂಲಕ ನನ್ನನ್ನೇ ನೋಡುತ್ತಾ ನಿಧಾನವಾಗಿ ಪಕ್ಕಕ್ಕೆ ಒರಗಿತು. ನಲವತ್ತು ಮಕ್ಕಳಿದ್ದೆವು. ಒಬ್ಬರೂ ಏಳಲಿಲ್ಲ.

ಅಪ್ಪ ಬರುವ ಹೊತ್ತಿಗೆ ಪೀರಿಯಡ್ಡೇ ಮುಗಿದಿತ್ತು. ಜಾಡಿ ಎತ್ತಿದರು, ಅಂಗೈಯಲ್ಲಿ ಇಟ್ಟುಕೊಂಡು ಉಜ್ಜಿದರು, ಊದಿದರು. ಏನೂ ಆಗಲಿಲ್ಲ. ಯಾರೋ ಹೇಳಿ ಅಕ್ಕ ಓಡಿಬಂದಳು. ಅಳಿಲನ್ನು ಲಂಗದ ಮಡಿಲಿಗೆ ಹಾಕಿಕೊಂಡು, “ನೀನು ಇಲ್ಲೇ ಕೂತಿದ್ಯಾ?” ಎಂದು ಕೇಳಿದಳು. ಅಷ್ಟೇ.

ಆ ಪ್ರಯೋಗವನ್ನು ಅಪ್ಪ ಮತ್ತೆಂದೂ ಮಾಡಲಿಲ್ಲ. ಅಕ್ಕ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತುಮಕೂರಿನ ಈ ಮನೆಯಲ್ಲಿ, ತೊಳೆದು ಬೋರಲು ಹಾಕಿದ ಗಾಜಿನ ಲೋಟಗಳನ್ನು ನಾನು ನೆಟ್ಟಗೆ ಇಡುತ್ತಾ ಹೋಗುತ್ತೇನೆ. “ನೀರು ಸೋರ್ಲಿ ಬುಡಿ ಅಂದ್ರೆ,” ಎಂದು ನಿಮ್ಮಜ್ಜಿ ರೇಗುತ್ತಾಳೆ, ನೀವು ನಗುತ್ತೀರಿ. ಶಿರಾ ಗೇಟಿನ ನಿಮ್ಮ ಶಾಲೆಯಲ್ಲಿ ಇದೇ ಪಾಠವನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರಂತೆ. ಅದರಲ್ಲಿ ಬೀಳುವ ಇಲಿ ಬಟನ್ ಒತ್ತಿದರೆ ಎದ್ದು ಕೂರುತ್ತದಂತೆ. ಒಳ್ಳೆಯದಾಯಿತು.

ನೀವು ಕ್ಲಾಸಿನಲ್ಲಿ ಕೇಳದೆ ಎದ್ದು ನಿಲ್ಲುತ್ತೀರಿ, ಮೇಷ್ಟ್ರ ಮಾತಿಗೆ ಎದುರು ಮಾತಾಡುತ್ತೀರಿ ಎಂದು ನಿಮ್ಮಪ್ಪ ನನ್ನ ಹತ್ತಿರ ದೂರುತ್ತಾನೆ. ನಾನು ಗದರಿಸಲಿ ಎಂದು ಕಾಯುತ್ತಾನೆ. ಆವತ್ತು ನಮ್ಮ ಕ್ಲಾಸಿನಲ್ಲಿ ನಿಮ್ಮಂಥ ತರಲೆ ಒಂದೇ ಒಂದು ಇದ್ದಿದ್ದರೆ ಸಾಕಾಗಿತ್ತು.