ಆರೋಗ್ಯವಂತರ ನಳಿಕೆ

ಶಹಾಬಾದಿನಿಂದ ಕಲಬುರಗಿಗೆ ಬೆಳಗಿನ ರೈಲಿನಲ್ಲಿ ಹೋಗುವಾಗ ನನಗೆ ಪೂರ್ತಿ ಎಚ್ಚರವೂ ಇರುತ್ತಿರಲಿಲ್ಲ, ಪೂರ್ತಿ ನಿದ್ದೆಯೂ ಬರುತ್ತಿರಲಿಲ್ಲ. ತೊಡೆಯ ಮೇಲೆ ಬರ್ಫ ತುಂಬಿದ ಥರ್ಮಾಸ್, ಅದರೊಳಗೆ ಎರಡು ಪುಟ್ಟ ನಳಿಕೆ. ಹಿಂದಿನ ದಿನ ಬರಿ ಹೊಟ್ಟೆಯಲ್ಲಿ ಕೊಟ್ಟ ರಕ್ತದ ತಿಳಿ ಅದು, ಒಂದರಲ್ಲಿ ಅವ್ವನದು, ಇನ್ನೊಂದರಲ್ಲಿ ನನ್ನದು. ಕಿಟಕಿಯಾಚೆ ನೀರು ನಿಂತ ಹಳೆಯ ಕಲ್ಲಿನ ಖಣಿಗಳು ಸರಿದುಹೋಗುತ್ತಿದ್ದವು. ಆ ನೀರಿಗೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಣ್ಣ. ಅರೆಗಣ್ಣಿನಲ್ಲಿ ಅದನ್ನೇ ನೋಡುತ್ತಾ ಕೂರುತ್ತಿದ್ದೆ.

ನನ್ನ ಪಿಎಚ್.ಡಿ. ಕೆಲಸವೇ ಬಣ್ಣ ಬರಿಸುವುದು. ನಮ್ಮ ಮೈಯಲ್ಲಿ ಕಿಣ್ವಗಳಿರುತ್ತವೆ. ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಕೆಲಸ ಅವುಗಳದು. ಕೊಂಡು ತರುವ ಕಿಣ್ವ ಭಾರಿ ತುಟ್ಟಿ, ಮೇಲಾಗಿ ನಮ್ಮ ಕಡೆಯ ಬಿಸಿಲಿಗೆ, ಹೋಗಿಬರುವ ಕರೆಂಟಿಗೆ ಬೇಗ ಕೆಡುತ್ತದೆ. ನಾನು ಮಾಡುತ್ತಿದ್ದದ್ದು ಕಬ್ಬಿಣದ ಆಕ್ಸೈಡಿನ ಒಂದು ಪುಡಿ. ನ್ಯಾನೋ ಅಳತೆಯ ಕಣಗಳು. ಕಿಣ್ವವಲ್ಲ, ಆದರೆ ಕಿಣ್ವದ ವೇಷ ಹಾಕಿಕೊಂಡು ಅದರ ಕೆಲಸ ಮಾಡುತ್ತವೆ. ರಕ್ತದ ಸಕ್ಕರೆಯಿಂದ ಅಸಲಿ ಕಿಣ್ವವೊಂದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಕಿಣ್ವದ ಬದಲಿಗೆ ನನ್ನ ಪುಡಿಯ ಪಾಳಿ. ಬಣ್ಣವಿಲ್ಲದ ದ್ರವವೊಂದನ್ನು ಅದು ನೀಲಿ ಮಾಡುತ್ತದೆ. ಸಕ್ಕರೆ ಹೆಚ್ಚಿದಷ್ಟೂ ನೀಲಿ ಗಾಢ. ಚಿಂಚೋಳಿ ಕಡೆಯ ಯಾವುದೋ ತಾಂಡಾದಲ್ಲಿ ಯಾರಾದರೂ ಬರಿಗಣ್ಣಿನಿಂದ ನೋಡಿ ಹೇಳುವಂತಾಗಬೇಕು ಎಂದು ಹಗಲುಗನಸು ಕಾಣುತ್ತಿದ್ದೆ.

ಅವ್ವನಿಗೆ ಶುಗರ್ ಇರುವುದು ಹಳೆಯ ಮಾತು. ಅವಳ ನಳಿಕೆಯ ಮೇಲೆ ‘ರೋಗಿ’ ಎಂದು ಬರೆದೆ. ಹೋಲಿಸಲು ಆರೋಗ್ಯವಂತರ ರಕ್ತವೂ ಬೇಕಲ್ಲ, ಅದಕ್ಕೆ ಯಾರನ್ನು ಹುಡುಕಿಕೊಂಡು ಹೋಗುವುದು? ನನ್ನದನ್ನೇ ತೆಗೆಸಿ ‘ಆರೋಗ್ಯವಂತರು’ ಎಂದು ಬರೆದೆ. ಅವ್ವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ, ‘ನನ್ ರಗತ ಕಲಬುರಗಿ ತಿರಗ್ಯಾಡಾಕತ್ತದ, ನಾ ಮಾತ್ರ ಇಲ್ಲೇ ಕುಂತೀನಿ’ ಎಂದು ನಕ್ಕಿದ್ದಳು.

ಮೊದಲ ಸಲ ಪರೀಕ್ಷೆ ಮಾಡಿದ ದಿನ ಎರಡೂ ನಳಿಕೆಗಳು ಒಂದೇ ಗಾಢ ನೀಲಿಗೆ ತಿರುಗಿದವು.

ಬಿಳಿಯ ಹಾಳೆಯ ಮುಂದೆ ಹಿಡಿದು ನೋಡಿದೆ. ನೀಲಿ ಅಂದರೆ ಎಂಥ ನೀಲಿ! ಮೆಲ್ಲಗೆ ಎದ್ದು ಬಂದು ನಳಿಕೆಯ ತುಂಬ ಹರಡಿಕೊಂಡಿತ್ತು. ಚಂದವೇನೋ ಇತ್ತು, ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಮೈ ಉರಿಯಿತು. ರೋಗಿಗೂ ಆರೋಗ್ಯವಂತರಿಗೂ ವ್ಯತ್ಯಾಸ ತಿಳಿಯದ ಪುಡಿ ಯಾವ ಪುರುಷಾರ್ಥಕ್ಕೆ? ನಳಿಕೆ ಅದಲುಬದಲಾಗಿರಬೇಕೆಂದು ಇನ್ನೊಂದು ದಿನ ಮತ್ತೆ ರಕ್ತ ತಂದೆ. ಅದೇ ನೀಲಿ. ನೀರು ಬದಲಿಸಿದೆ, ಪಾತ್ರೆಗಳನ್ನು ತಿಕ್ಕಿ ತಿಕ್ಕಿ ತೊಳೆದೆ. ಕೊನೆಗೆ ವಾರಗಟ್ಟಲೆ ಕೂತು ಮಾಡಿದ್ದ ಪುಡಿಯನ್ನೆಲ್ಲ ಬಿಸಾಕಿ ಹೊಸದಾಗಿ ಮಾಡಿದೆ. ಇದು ಕೈಗೂಡದಿದ್ದರೆ ಐದು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತೆ. ಮನೆಯಲ್ಲಿ ನಾನು ಪುಡಿಯನ್ನು ಬೈಯತೊಡಗಿದರೆ ಅವ್ವ, ‘ಕುಣೀಲಿಕ್ಕ ಬರಲಾರದಾಕಿ ನೆಲ ಡೊಂಕ್ ಅಂದಳಂತ’ ಎನ್ನುತ್ತಿದ್ದಳು.

ಆ ಬೇಸಿಗೆಯನ್ನೆಲ್ಲ ಮಂಪರಿನಲ್ಲೇ ಕಳೆದೆ. ರೈಲು ವಾಡಿಯಿಂದ ಬರುವುದು ತಡವಾದರೆ ಪ್ಲಾಟ್‌ಫಾರ್ಮಿನಲ್ಲಿ ಕೂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬಾಯಾರಿಕೆಯಂತೂ ಹೇಳತೀರದು. ನಮ್ಮ ಬಿಸಿಲಿನಲ್ಲಿ ಬಾಯಾರದವರು ಯಾರಿದ್ದಾರೆ? ಅದರ ಬಗ್ಗೆ ಯೋಚಿಸಲೇ ಇಲ್ಲ.

ಒಂದು ಮಧ್ಯಾಹ್ನ ಮಾರ್ಗದರ್ಶಕ ಸರ್ ನನ್ನ ನೋಟ್‌ಬುಕ್ ತಿರುವಿ ಹಾಕುತ್ತಾ ಕೇಳಿದರು: ‘ಆರೋಗ್ಯವಂತರು ಅಂತ ಬರದೀರಲ್ಲ, ಯಾರದರಿ ಈ ರಕ್ತ?’

‘ನಂದೇರಿ ಸರ್.’

ಅವರು ನೋಟ್‌ಬುಕ್ ಮುಚ್ಚಿಟ್ಟರು. ‘ಬ್ಯಾರೆಯವರದೂ ಹಾಕಿ ನೋಡ್ರಿ’ ಎಂದರು ಮೆಲ್ಲಗೆ.

ಮರುದಿನ ಬೆಳಿಗ್ಗೆ ಜೊತೆಗೆ ಓದುವ ಗೆಳತಿ ಬರಿ ಹೊಟ್ಟೆಯಲ್ಲಿ ಬಂದು ತೋಳು ಚಾಚಿದಳು. ಅವ್ವನದನ್ನೂ ನನ್ನದನ್ನೂ ಪಕ್ಕದಲ್ಲೇ ಇಟ್ಟು ಮೂರಕ್ಕೂ ಪುಡಿ ಹಾಕಿದೆ. ಅವಳ ನಳಿಕೆ ಬಹಳ ಹೊತ್ತು ಹಾಗೇ ಇದ್ದು, ಆಮೇಲೆ ತೆಳುನೀಲಿಗೆ ಬಂದು ನಿಂತಿತು. ನಾನು ಬಯಸಿದ್ದು ಇದನ್ನೇ. ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿಬಿಟ್ಟೆ. ಪುಡಿ ಸರಿಯಾಗಿದೆ, ಮೊದಲಿನಿಂದಲೂ ಸರಿಯಾಗಿಯೇ ಇತ್ತು! ಆ ಖುಷಿ ಎಷ್ಟು ಹೊತ್ತು ಇತ್ತೋ ಹೇಳಲಾರೆ. ಗೆಳತಿ ನಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ಮೂರೂ ನಳಿಕೆಗಳನ್ನು ಸಾಲಾಗಿ ನೋಡಿದೆ. ಅವ್ವನದೂ ನನ್ನದೂ ಒಂದೇ ಬಣ್ಣ ಉಟ್ಟ ಅಕ್ಕತಂಗಿಯರಂತೆ ನಿಂತಿದ್ದವು. ಸ್ಟೂಲು ಎಳೆದುಕೊಂಡು ಕೂತೆ. ಭಯವಾಯಿತು, ನಿಜವಾಗಿಯೂ ಭಯವಾಯಿತು. ಮರುದಿನ ಡಾಕ್ಟರರೂ ಪರೀಕ್ಷೆ ಮಾಡಿಸಿ ಅದನ್ನೇ ಹೇಳಿದರು.

ಅವ್ವನಿಗೆ ಹೇಳುವುದೊಂದು ಉಳಿದಿತ್ತು. ಅವಳು ಬಾಗಿಲ ಬಳಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

‘ಯವ್ವಾ, ಪುಡಿ ಸರಿ ಅದ. ನನಗೇ ಶುಗರ್ ಅದ’ ಎಂದೆ.

ಅವಳ ಕೈ ನಿಂತಿತು. ‘ನನ್ನಿಂದ ಬಂತೇನ?’ ಎಂದಳು.

ಉತ್ತರ ನನಗೆ ಗೊತ್ತಿತ್ತು. ತಾಯಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು ಎಂದು ನನ್ನ ಪ್ರಬಂಧದ ಮೊದಲ ಪುಟಗಳಲ್ಲಿ ನಾನೇ ಬರೆದಿದ್ದೆ.

‘ಇಲ್ಲವ್ವ, ಅದು ಹಂಗ ಬರೂದಿಲ್ಲ. ನಾ ಹೊತ್ತಿಗಿ ಸರಿಯಾಗಿ ಉಣ್ಣಲಿಲ್ಲ, ಅದಕ್ಕ ಬಂತು.’

ಅವ್ವ ನನ್ನ ಮುಖ ನೋಡಲಿಲ್ಲ. ‘ನಾ ಭಾಳ ಓದಿದಾಕಿ ಅಲ್ಲ, ನೀ ಹೇಳಿದ್ದೇ ಖರೆ ಅನ್ಕೋತೀನಿ’ ಎಂದು ಮೊರವನ್ನು ಬದಿಗಿಟ್ಟು, ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.