ಹೆಸರಿನವರ ಕೈಗೇ ಕೊಡಬೇಕಾದ ಕಾಗದ

ಬೋನಾಳದ ಕೆರೆಯಾಚೆಯ ನಮ್ಮ ಊರಲ್ಲಿ ಅಂಚೆ ಕಚೇರಿಯೆಂದರೆ ಒಂದು ಬಾಡಿಗೆ ಖೋಲಿ. ಪೋಸ್ಟ್‌ಮಾಸ್ತರು, ಟಪಾಲು ಹಂಚುವವಳು ಎರಡೂ ನಾನೇ. ಇಲಾಖೆ ಮುದ್ರೆ, ತಕ್ಕಡಿ, ಮೊಬೈಲು ಕೊಟ್ಟಿದೆ. ಜಾಗ ಮಾತ್ರ ನಾನೇ ಹೊಂದಿಸಬೇಕು, ವಾಸವೂ ಇದೇ ಊರಲ್ಲಿರಬೇಕು. ಖೋಲಿಯ ಮಾಲೀಕರು ಊರಿಗೆ ಹಿರಿಯರು. ಎದುರು ಮನೆಯೇ ಅವರದು.

ಅವರ ಸೊಸೆ ಒಂದು ದಿನ ನೀರಿಗೆ ಹೋಗುವ ನೆವದಲ್ಲಿ ಒಳಗೆ ಬಂದಳು. ತವರಲ್ಲಿದ್ದಾಗಲೇ ಯಾದಗಿರಿಯ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದ್ದಳಂತೆ. "ನನ್ನ ಹೆಸರಿಗೆ ಕಾಗದ ಬಂದ್ರ ನನ್ನ ಕೈಯಾಗೇ ಕೊಡ್ರಿ, ಮತ್ಯಾರಿಗೂ ಬ್ಯಾಡ" ಎಂದು ಚೀಟಿಯಲ್ಲೂ ಬರೆದುಕೊಟ್ಟಳು.

ಕೆಲ ವಾರಗಳ ನಂತರ ಸುರಪುರದಿಂದ ಬಂದ ಚೀಲದಲ್ಲಿ ಆ ರಿಜಿಸ್ಟರ್ ಲಕೋಟೆಯಿತ್ತು. ನನ್ನ ಗ್ರಹಚಾರ, ನಾನು ಚೀಲ ಬಿಚ್ಚುವಾಗ ಮಾಲೀಕರು ಎದುರಿಗೇ ಕುಳಿತಿದ್ದರು.

"ನಮ್ಮ ಮನಿ ವಿಳಾಸ ಐತಲ್ಲ? ತರ್ರಿ ಇಲ್ಲಿ."

"ಹೆಸರಿನವರ ಕೈಗೇ ಕೊಡಬೇಕ್ರಿ."

"ಈ ಖೋಲಿ ಯಾರದೈತಿ ಅನ್ನೋದು ಮರ್ತೀರೇನು?"

ಮರೆತಿರಲಿಲ್ಲ. ಜಾಗ ಹೋದರೆ ನೌಕರಿಯೂ ಹೋದಂತೆಯೇ, ಕೊಟ್ಟುಬಿಡು ಎಂದು ಊಟದ ಹೊತ್ತಿಗೆ ನನ್ನ ಗಂಡನೂ ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲಿ ಬುದ್ಧಿ ಹೇಳಿದ.

ಏಳು ದಿನದೊಳಗೆ ಕೊಡದಿದ್ದರೆ ಲಕೋಟೆ ವಾಪಸು ಹೋಗುತ್ತದೆ. ನಾನು ದಿನಾ ಹೋದೆ. ದಿನಾ ಆಕೆಯ ಅತ್ತೆಯೇ ಬಾಗಿಲಿಗೆ ಬಂದು, "ಹೊಲಕ್ಕ ಹೋಗ್ಯಾಳ" ಎನ್ನುತ್ತಿದ್ದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನನಗೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು. ವಾಪಸು ಬಂದು ಮೊಬೈಲಿನಲ್ಲಿ 'ಸಿಗಲಿಲ್ಲ' ಎಂದು ಒತ್ತುವಾಗ ನನ್ನ ಬೆರಳಿನ ಮೇಲೆ ನನಗೇ ಅಸಹ್ಯ ಹುಟ್ಟುತ್ತಿತ್ತು. ಆರು ಸಲ ಒತ್ತಿದೆ.

ಏಳನೆಯ ದಿನ ಹೊಸ್ತಿಲ ತನಕ ಹೋಗಲೇ ಇಲ್ಲ. ಓಣಿಯ ನಡುವೆ ನಿಂತು ಆಕೆಯ ಹೆಸರು ಹಿಡಿದು ಕೂಗಿದೆ. "ರಿಜಿಸ್ಟರ್ ಬಂದೈತಿ, ಬಂದು ಸಹಿ ಮಾಡ್ರಿ!" ಅಕ್ಕಪಕ್ಕದ ಬಾಗಿಲುಗಳಿಂದ ಜನ ಇಣುಕಿದರು. ರೊಟ್ಟಿಯ ಸದ್ದು ನಿಂತಿತು. ಅತ್ತೆಯನ್ನು ದಾಟಿಕೊಂಡು ಬಂದಳು ಆಕೆ. ಹಿಟ್ಟಿನ ಬೆರಳಿನಲ್ಲೇ ಸಹಿ ಗೀಚಿ, ನಿಂತಲ್ಲೇ ಒಡೆದು ಓದಿದಳು.

"ಬರೋ ಸೋಮವಾರ ಹಾಜರಾಗಬೇಕ್ರಿ" ಎಂದಳು. ಹೇಳಿದ್ದು ನನಗೆ, ಕೇಳಿದ್ದು ಇಡೀ ಓಣಿ.

ಸುದ್ದಿ ತಿಳಿದು ಸೋಮವಾರ ಆಕೆಯ ಅಪ್ಪ ಬಂದು ಕರೆದೊಯ್ದ. ಮಂಗಳವಾರ ಮಾಲೀಕರು ನನಗೆ ಖೋಲಿ ಬಿಡಲು ಹೇಳಿಕಳಿಸಿದರು.

ಊರೆಲ್ಲ ಕೇಳಿದೆ, ಮಾಲೀಕರ ಮುಲಾಜಿಗೆ ಯಾರೂ ಜಾಗ ಕೊಡಲಿಲ್ಲ. ಈಗ ಕಚೇರಿ ನಮ್ಮ ನಡುಮನೆಯಲ್ಲಿದೆ. ನನ್ನ ಮಾವನ ಮಂಚ ಅಂಗಳಕ್ಕೆ ಹೋಯಿತು, ಅಡುಗೆಮನೆಗೆ ಪರದೆ ಬಂತು. ಮೊದಲು ಊರು ಬಿಡುವಂತಿರಲಿಲ್ಲ, ಈಗ ಮನೆಯಿಂದಲೂ ಬಿಡುಗಡೆಯಿಲ್ಲ. ಹೊರಗೆ ಕಾಲಿಡುವುದು ಟಪಾಲು ಹಂಚಲು ಮಾತ್ರ. ಮಾಲೀಕರ ಮನೆಯ ಟಪಾಲನ್ನೂ ನಾನೇ ಒಯ್ಯುತ್ತೇನೆ. ಅವರು ಕೈ ಚಾಚುವುದಿಲ್ಲ, ಕಟ್ಟೆಯತ್ತ ಬೆರಳು ತೋರುತ್ತಾರೆ. ಅಲ್ಲಿಟ್ಟು ಬರುತ್ತೇನೆ.