ಪ್ಲಾಸ್ಟಿಕ್ಕಿನಿಂದ ಕಾಗದ ಬಿಡಿಸುವ ಅಕ್ಕ

ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ಎರಡನೇ ಗುರುತಿಗೆ ತಿರುಗಿಸಿ, ಆಕೆ ಒದ್ದೆ ಬೆರಳಿನಿಂದ ತಳ ಮುಟ್ಟಿ ನೋಡುತ್ತಾಳೆ. ಚುಂಯ್ ಅನ್ನಬಾರದು, ಬೆರಳು ನಿಲ್ಲಲೂ ಬಾರದು. ಅಷ್ಟು ಬಿಸಿ ಸಾಕು. ಬೆಳಿಗ್ಗೆ ಐದೂಮುಕ್ಕಾಲು. ಗಂಡನ ಅಂತ್ಯಕ್ರಿಯೆ ಮುಗಿದು ಎಂಟು ದಿನ. ಕೊನೆಯ ನೆಂಟರು ನಿನ್ನೆ ಸಂಜೆ ಬಸ್ಸು ಹತ್ತಿದ್ದಾರೆ. ಮನೆಯಲ್ಲಿ ಈಗ ಆಕೆ, ಅತ್ತೆ, ಮತ್ತು ಅಡುಗೆಮನೆಯ ಮೇಜಿನ ಮೇಲೆ ಅರ್ಧ ಬಿಚ್ಚಿದ ಒಂದು ಜನನ ಪತ್ರ. ಇದು ಮೊದಲ ಮಾಮೂಲಿ ಬೆಳಗು.

ಪತ್ರ ಎಂಟು ವರ್ಷದ ಒಂದು ಹುಡುಗಿಯದು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಅವಳ ತಾಯಿ ಮೂರು ವರ್ಷದ ಹಿಂದೆ ಗಡಿ ದಾಟಿ ಬಂದಾಗ ತಂದದ್ದು ಮಗಳನ್ನು ಮತ್ತು ಈ ಕಾಗದವನ್ನು. ಇದನ್ನು ಕೊಟ್ಟ ಕಚೇರಿ ಸುಟ್ಟುಹೋಗಿದೆ. ಇನ್ನೊಂದು ಪ್ರತಿ ಈ ಭೂಮಿಯ ಮೇಲಿಲ್ಲ. ಕಾಗದದ ಮೇಲರ್ಧ ಬರಿಮೈಯಲ್ಲಿದೆ, ಕೆಳಗರ್ಧ ಇನ್ನೂ ಲ್ಯಾಮಿನೇಷನ್ನಿನ ಪ್ಲಾಸ್ಟಿಕ್ಕಿನೊಳಗೆ. ಮೊಹರು, ಸಹಿ ಎರಡೂ ಇರುವುದು ಆ ಕೆಳಗರ್ಧದಲ್ಲೇ. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ವಲಸೆ ಕಚೇರಿಯ ಕಿಟಕಿಯಲ್ಲಿ ಇದನ್ನು ಪ್ಲಾಸ್ಟಿಕ್ ಇಲ್ಲದೆ ತೋರಿಸಬೇಕು. ಇಲ್ಲವಾದರೆ ಕಡತ ಮುಚ್ಚುತ್ತದೆ. ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಆ ವರ್ಷವೆಲ್ಲ ಹುಡುಗಿಗೆ ಶಾಲೆ ಇಲ್ಲ, ತಾಯಿಗೆ ಕೆಲಸದ ಪರವಾನಗಿ ಇಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ. “ಬೆಳಿಗ್ಗೆ ಬೆಳಿಗ್ಗೆನೇ ಇಸ್ತ್ರಿ ಹಿಡಿದ್ಯಾ? ಎಂಟು ದಿನದಿಂದ ಒಂದು ಹನಿ ಕಣ್ಣೀರಿಲ್ಲ ನಿಂಗೆ.”

“ಹನ್ನೆರಡು ಗಂಟೆ ಮೇಲೆ ಟೈಮ್ ಇದೆ ಅತ್ತೆ. ಆಮೇಲೆ ಅಳ್ತೀನಿ.”

“ನನ್ನ ಮಗನೂ ಹಿಂಗೇ. ಎರಡು ವಾರ ಮುಂಚೆನೇ ಹುಟ್ಟಿದ. ಕ್ಯೂನಲ್ಲಿ ಜಾಗ ಹೋಗುತ್ತೆ ಅನ್ನೋ ಹಾಗೆ.” ಹಾಗೆಂದು ಮೂಗು ಒರೆಸಿಕೊಂಡು ಬಂದು ಮೇಜಿಗೆ ಎದುರಾಗಿ ಕೂರುತ್ತಾರೆ. “ಯಾವ ತುದಿ ಹಿಡ್ಕೊಳ್ಳಲಿ ಹೇಳು.”

ಕೆಲಸ ಹೀಗೆ. ಪ್ಲಾಸ್ಟಿಕ್ಕಿನ ಮೇಲೆ ಖಾಕಿ ಕವರಿನ ತುಂಡು ಹಾಸಬೇಕು. ಹತ್ತು ಎಣಿಸುವಷ್ಟು ಹೊತ್ತು ಒತ್ತಬೇಕು. ಬಿಸಿ ಆರುವ ಮೊದಲು ಪದರವನ್ನು ಎಳೆಯಬೇಕು, ಮೇಲಕ್ಕಲ್ಲ, ಹಿಂದಕ್ಕೆ, ಕಾಗದಕ್ಕೆ ಒರಗಿದ ಹಾಗೆ. ಮೇಲಕ್ಕೆ ಎಳೆದರೆ ಅಕ್ಷರವೂ ಅದರ ಜೊತೆ ಎದ್ದು ಬರುತ್ತದೆ. ಉಗಿ ಇಸ್ತ್ರಿ ಆಗದು, ಶಾಯಿ ಹರಡುತ್ತದೆ. ಅದಕ್ಕೇ ಗಂಡ ಟೈಲರಮ್ಮನ ಹಳೆಯ ಭಾರದ ಇಸ್ತ್ರಿಯನ್ನು ಎರಡು ದಿನಕ್ಕೆಂದು ಎರವಲು ತಂದಿದ್ದ. ಒಂದು ಒತ್ತಿಗೆ ಒಂದು ಬೆರಳಗಲ ಬಿಚ್ಚಿದರೆ ಅದೃಷ್ಟ.

ಬಡಾವಣೆಯಲ್ಲಿ ಆಕೆಯನ್ನು ಕರೆಯುವುದು ಫಾರಂ ಅಕ್ಕ ಎಂದು. ಬಸ್ ಡಿಪೋ ಹಿಂದಿನ ನೆರವು ಕೇಂದ್ರದಲ್ಲಿ ಆಕೆಗೆ ಇದು ಹತ್ತನೇ ವರ್ಷ. ಕೇಂದ್ರ ಎಂದರೆ ಎರಡು ಕೋಣೆ. ಒಂದರಲ್ಲಿ ಬೆಳಿಗ್ಗೆ ಭಾಷೆ ಕಲಿಸುತ್ತಾರೆ, ಮಧ್ಯಾಹ್ನ ಅದೇ ಬೆಂಚುಗಳ ಮೇಲೆ ಹೊಲಿಗೆ ಯಂತ್ರಗಳು ಏರುತ್ತವೆ. ಇನ್ನೊಂದರಲ್ಲಿ ಅಕ್ಕನ ಮೇಜು, ಅದರ ಮುಂದೆ ದಿನಕ್ಕೆ ಹದಿನಾಲ್ಕು ಸಂಸಾರ. ಶಾಲೆಯ ಅರ್ಜಿ, ಆಸ್ಪತ್ರೆಯ ಚೀಟಿ, ಬಾಡಿಗೆ ಕರಾರು, ಪರವಾನಗಿ. ಹೆರಿಗೆ ನೋವಿನಲ್ಲಿರುವವಳ ಪಕ್ಕ ನಿಂತು ಡಾಕ್ಟರಿಗೆ ಅವಳ ಮಾತು ದಾಟಿಸುವುದೂ ಅಕ್ಕನೇ. ಸಂಬಳಕ್ಕೆ ಇದ್ದದ್ದು ಮೂವರು: ಅಕ್ಕ, ಭಾಷೆಯ ಮೇಷ್ಟ್ರು, ಮತ್ತು ವ್ಯಾನು ಓಡಿಸುತ್ತಿದ್ದ ಅಕ್ಕನ ಗಂಡ. ಆತನನ್ನು ಎಲ್ಲರೂ ವ್ಯಾನ್ ಭಾವ ಎನ್ನುತ್ತಿದ್ದರು. ಈಗ ಇಬ್ಬರು.

ಅರ್ಜಿ ತುಂಬುವುದರಲ್ಲಿ ಅಕ್ಕನದೊಂದು ಕ್ರಮವಿದೆ. ಆಕೆ ಬರೆಯುವುದು ಪೆನ್ಸಿಲ್ಲಿನಲ್ಲಿ ಮಾತ್ರ. ಅದರ ಮೇಲೆ ಪೆನ್ನಿನಿಂದ ತಿದ್ದುವುದು ಅರ್ಜಿದಾರರೇ. ಓದಲು ಬಾರದವರೂ ತಿದ್ದಬೇಕು, ಎಷ್ಟು ಹೊತ್ತಾದರೂ ಸರಿ. “ನಾನು ಪೆನ್ನಲ್ಲಿ ಬರೆದ್ರೆ ಅದು ನನ್ನ ಕಾಗದ ಆಗುತ್ತೆ. ನಾಳೆ ಯಾರಾದ್ರೂ ಗದರಿಸಿ ಕೇಳಿದ್ರೆ, ನಾನೇ ಬರೆದಿದ್ದು ಅಂತ ಹೇಳೋಕೆ ಅವರಿಗೆ ಬಾಯಿ ಬೇಕಲ್ಲ,” ಎನ್ನುತ್ತಾಳೆ. ಆಕೆಯ ತಾಯಿ ಮೂವತ್ತು ವರ್ಷದ ಹಿಂದೆ ಇದೇ ವಲಸೆ ಕಚೇರಿಯ ಮುಂದೆ ಆಕೆಯನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ಅರ್ಜಿಯಲ್ಲಿ ಏನು ಬರೆದಿದೆ ಎಂದು ಆ ತಾಯಿಗೆ ಸಾಯುವವರೆಗೂ ಗೊತ್ತಾಗಲಿಲ್ಲ.

ಪ್ಲಾಸ್ಟಿಕ್ಕಿನ ತಪ್ಪು ಮಾತ್ರ ಕೇಂದ್ರದವರದೇ. ಅದನ್ನು ಅಕ್ಕ ಮುಚ್ಚಿಡುವುದಿಲ್ಲ. ಗಡಿ ದಾಟಿ ಬಂದವರು ಕಾಗದಗಳನ್ನು ಬೂಟಿನಲ್ಲಿ, ಕುಪ್ಪಸದಲ್ಲಿ, ಹಾಲುಪುಡಿಯ ಡಬ್ಬಿಯಲ್ಲಿ ತರುತ್ತಾರೆ. ಬೆವರಿಗೆ, ಮಳೆಗೆ ಅವು ಮಡಿಕೆಯಲ್ಲೇ ಹರಿಯುತ್ತವೆ. ಯಾರೋ ಪುಣ್ಯಾತ್ಮರು ಕೇಂದ್ರಕ್ಕೆ ಒಂದು ಹಳೆಯ ಲ್ಯಾಮಿನೇಷನ್ ಯಂತ್ರ ಕೊಟ್ಟರು. ವ್ಯಾನ್ ಭಾವನಿಗೆ ಸಂಭ್ರಮವೋ ಸಂಭ್ರಮ. ಎರಡು ವರ್ಷದಲ್ಲಿ ಅರವತ್ತೆರಡು ಸಂಸಾರಗಳ ಕಾಗದಗಳನ್ನು ಕೂಸಿಗೆ ಬಟ್ಟೆ ಸುತ್ತುವ ಹಾಗೆ ಸುತ್ತಿಕೊಟ್ಟ. ಹೆಂಗಸರು ಅದನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದರು.

ಆಮೇಲೆ ಕಚೇರಿಯ ಕಿಟಕಿಯಲ್ಲಿ ಒಂದು ಸೂಚನೆ ಬಂತು: ಲ್ಯಾಮಿನೇಟ್ ಮಾಡಿದ ದಾಖಲೆ ಸ್ವೀಕರಿಸುವುದಿಲ್ಲ. ಮೊಹರು ಕೂರುವುದಿಲ್ಲ, ಕಾಗದ ಅಸಲಿಯೋ ನಕಲಿಯೋ ಮುಟ್ಟಿ ನೋಡಲಾಗುವುದಿಲ್ಲ ಎಂಬ ಕಾರಣ. ಇರಬಹುದು. ಮೊದಲೇ ಹೇಳಬಹುದಿತ್ತು. ಎರಡು ವರ್ಷ ಇದೇ ಕಿಟಕಿ ಇಂಥವೇ ಕಾಗದಗಳನ್ನು ಸದ್ದಿಲ್ಲದೆ ತೆಗೆದುಕೊಂಡಿತ್ತು. ಆ ಸೂಚನೆಯ ಹಾಳೆಯನ್ನು ಮಾತ್ರ ಅವರು ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿ ಅಂಟಿಸಿದ್ದಾರೆ. ಈಗಲೂ ಹೋದವರು ನೋಡಬಹುದು.

“ಮೂರು ದಿನ ಊಟ ಮಾಡ್ಲಿಲ್ಲ ಅವರು. ಆಮೇಲೆ, ನಾನೇ ಮುಚ್ಚಿದ್ದು, ನಾನೇ ಬಿಚ್ತೀನಿ ಅಂದ್ರು,” ಎನ್ನುತ್ತಾಳೆ ಅಕ್ಕ. ಹಳೆಯ ರಸೀದಿ, ಸಿನಿಮಾ ಟಿಕೆಟ್, ತನ್ನ ಸ್ವಂತ ಶಾಲಾ ಪ್ರಮಾಣಪತ್ರ, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ, ಬಿಚ್ಚಿ, ಹರಿದು, ಸುಟ್ಟು ಆತ ಕೈ ಪಳಗಿಸಿಕೊಂಡ. ನಲವತ್ತೊಂದು ಸಂಸಾರದ ಕಾಗದ ಬಿಡಿಸಿದ. ಟೈಲರಮ್ಮನ ಮಗಳದು ನಲವತ್ತೆರಡನೆಯದು. ಅದು ನಡುವಿನಲ್ಲಿ ಕಚ್ಚಿ ಹಿಡಿಯಿತು. ಗಡುವು ಹತ್ತಿರ ಬಂದಿತ್ತು. ಹೋಗಿ ಇನ್ನೆರಡು ವಾರ ಸಮಯ ಕೇಳಿಕೊಂಡು ಬರುತ್ತೇನೆ ಎಂದು, ತೀರಿಕೊಂಡ ದಿನ ಬೆಳಿಗ್ಗೆ ಹೊರಟ.

ಕಚೇರಿಯ ಬಾಗಿಲು ತೆರೆಯುವುದು ಒಂಬತ್ತಕ್ಕೆ. ಟೋಕನ್ ಕೊಡುವುದು ಆರಕ್ಕೆ, ದಿನಕ್ಕೆ ಮೂವತ್ತು. ಒಳಗೆ ನಲವತ್ತು ಕುರ್ಚಿ ಖಾಲಿ ಇರುತ್ತವೆ. ಹೊರಗೆ ಗೋಡೆಯ ಪಕ್ಕ ಕೂರಲು ಒಂದು ಕಲ್ಲೂ ಇಲ್ಲ. ವ್ಯಾನ್ ಭಾವನಿಗೆ ಸಿಕ್ಕ ಟೋಕನ್ ಹದಿನೇಳು. ಏಳು ದಾಟಿದ ಮೇಲೆ ಆತ ಎದೆ ಹಿಡಿದುಕೊಂಡ. ಸ್ವಲ್ಪ ಕೂರಬಹುದಾ ಎಂದು ಒಳಗಿನ ಕುರ್ಚಿ ತೋರಿಸಿ ಕಾವಲುಗಾರನನ್ನು ಕೇಳಿದನಂತೆ. ಒಂಬತ್ತರವರೆಗೆ ಒಳಗೆ ಬಿಡುವ ಹಾಗಿಲ್ಲ ಎಂದನಂತೆ ಕಾವಲುಗಾರ. ಆತ ನೆಲದ ಮೇಲೆ ಕೂತ, ಆಮೇಲೆ ಮಲಗಿದ. ಹಿಂದಿದ್ದ ಹೆಂಗಸು ತನ್ನ ಶಾಲು ಹೊದಿಸಿದಳು. ಆಂಬುಲೆನ್ಸ್ ಬಂದದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಅಷ್ಟರಲ್ಲಿ ಸಿಬ್ಬಂದಿ ಆ ಶಾಲನ್ನು ಸುತ್ತಿಕೊಂಡು ನಡೆದು ಒಳಗೆ ಹೋಗಿ ಕೂತಿದ್ದರು. ಒಂಬತ್ತೂವರೆಗೆ ಹದಿನೇಳನೇ ನಂಬರು ಮೂರು ಸಲ ಕೂಗಿದರು. ಕಡತದ ಮೇಲೆ ಬರೆದರು: ಹಾಜರಿಲ್ಲ.

ಅಂತ್ಯಕ್ರಿಯೆಗೆ ಒಂದು ದೊಡ್ಡ ಹೂಚಕ್ರ ಬಂದಿತ್ತು. ವರ್ಷಕ್ಕೊಮ್ಮೆ ಕೇಂದ್ರಕ್ಕೆ ಬಂದು, ಮಕ್ಕಳ ನಡುವೆ ನಿಂತು ಫೋಟೊ ತೆಗೆಸಿಕೊಂಡು ಹೋಗುವ ಗಣ್ಯರದು. ಸತ್ತವನ ಹೆಸರಿಗಿಂತ ಕಳಿಸಿದವರ ಹೆಸರು ದೊಡ್ಡದಾಗಿತ್ತು. ಅತ್ತೆ ಅದನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದರು.

ಮೇಜಿನ ಮೇಲೆ ಕೆಲಸ ಮೊಹರಿನ ಹತ್ತಿರ ಬಂದಿದೆ. ಅಕ್ಕ ಒತ್ತುತ್ತಾಳೆ, ಎಣಿಸುತ್ತಾಳೆ. ಹತ್ತಕ್ಕೆ ನಿಲ್ಲುವುದಿಲ್ಲ. ಹದಿನೈದು, ಹದಿನಾರು, ಹದಿನೇಳು.

“ಎತ್ತೇ! ಸುಟ್ಟ ವಾಸನೆ!” ಅತ್ತೆ ಕಿರುಚುತ್ತಾರೆ.

ಎತ್ತುತ್ತಾಳೆ. ಕೆಳಗಿನ ಮೂಲೆಯಲ್ಲಿ ಉಗುರಿನಷ್ಟು ಕಂದು ಕಲೆ. ಮೊಹರಿಗೆ ತಾಗಿಲ್ಲ. ಇಬ್ಬರೂ ಪದರವನ್ನು ಹಿಂದಕ್ಕೆ ಒರಗಿಸುತ್ತಾರೆ. ಏಳೂಕಾಲಿಗೆ ಕೊನೆಯ ಬೆರಳಗಲವೂ ಬಿಚ್ಚಿಕೊಳ್ಳುತ್ತದೆ. ಮೊಹರು ಇದೆ. ಸಹಿ ಇದೆ. ಅತ್ತೆ ಬರಿಯ ಕಾಗದವನ್ನು ಅಂಗೈಯಿಂದ ಸವರಿ, “ತೊಳೆದ ಮಗುವಿನ ಹಾಗಿದೆ,” ಎನ್ನುತ್ತಾರೆ.

ಟೋಕನ್ ಹೊತ್ತು ಮುಗಿದಿದೆ. ಆದರೆ ಆರಕ್ಕೇ ಭಾಷೆಯ ಮೇಷ್ಟ್ರು ಹೋಗಿ ನಿಂತಿದ್ದಾರೆ, ಟೋಕನ್ ಇಪ್ಪತ್ತೆರಡು. ಹನ್ನೊಂದೂಕಾಲಿಗೆ ಅಕ್ಕ ಕಿಟಕಿಯ ಮುಂದೆ.

ಗುಮಾಸ್ತ ಕಾಗದ ತಿರುಗಿಸಿ ನೋಡುತ್ತಾನೆ. “ಇದೇನಿದು ಕಲೆ?”

“ಇಸ್ತ್ರಿದು. ನೀವು ಹೇಳಿದ ಹಾಗೆ ಬಿಚ್ಚಿ ತಂದಿದೀನಿ.”

“ಈ ಕಡತದಲ್ಲಿ ಒಂದು ಗೈರುಹಾಜರಿ ಇದೆಯಲ್ಲ ಮೇಡಂ. ಟೋಕನ್ ಹದಿನೇಳು. ಮೂರು ಸಲ ಕೂಗಿದೀವಿ.”

“ಹಾಜರಿದ್ರು.”

“ಇಲ್ಲಿ ಇಲ್ಲ ಅಂತ ಬರೆದಿದೆ.”

“ನಿಮ್ಮ ಬಾಗಿಲ ಮುಂದೆನೇ ಇದ್ರು. ಶಾಲು ಹೊದ್ಕೊಂಡು. ನೀವು ಅವರನ್ನ ಯಾವ ಕಡೆಯಿಂದ ಸುತ್ತಿಕೊಂಡು ಒಳಗೆ ಬಂದ್ರಿ? ಎಡಗಡೆಯಿಂದಲಾ, ಬಲಗಡೆಯಿಂದಲಾ?”

ಅಕ್ಕನ ದನಿ ಏರುವುದಿಲ್ಲ. ಗುಮಾಸ್ತ ಕಡತ ನೋಡುತ್ತಾನೆ, ಆಕೆಯನ್ನು ನೋಡುತ್ತಾನೆ, ಮತ್ತೆ ಕಡತ ನೋಡುತ್ತಾನೆ.

“ತಿದ್ದಿ,” ಎನ್ನುತ್ತಾಳೆ.

“ಅದಕ್ಕೆ ಕಾಲಂ ಇಲ್ಲ ಮೇಡಂ.”

ಹತ್ತು ವರ್ಷದಲ್ಲಿ ಯಾವ ಕಡತದ ಮೇಲೂ ಪೆನ್ನು ಊರದ ಹೆಂಗಸು ಕಿಟಕಿಯೊಳಗೆ ಕೈ ಹಾಕಿ, ದಾರಕ್ಕೆ ಕಟ್ಟಿದ ಅವನದೇ ಪೆನ್ನನ್ನು ತೆಗೆದುಕೊಂಡು, ಕಡತದ ಅಂಚಿನ ಖಾಲಿ ಜಾಗದಲ್ಲಿ ಬರೆಯುತ್ತಾಳೆ: ಹಾಜರಿದ್ದರು. ಕೆಳಗೆ ಸಹಿ ಹಾಕುತ್ತಾಳೆ. ಗುಮಾಸ್ತ ತಡೆಯುವುದಿಲ್ಲ. ಮುಖ ಕೆಂಪಾಗಿದೆ. ಜನನ ಪತ್ರದ ಬೆನ್ನಿಗೆ ಮೊಹರು ಗುದ್ದುತ್ತಾನೆ, ಆಮೇಲೆ ತಾಯಿಯ ಅರ್ಜಿಗೆ, ಶಾಲೆಯ ಚೀಟಿಗೆ. ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷ.

ಹೊರಗೆ, ಆ ಗೋಡೆಯ ಪಕ್ಕ, ಅಕ್ಕನಿಗೆ ಏನು ಆಸೆ ಎಂದು ಕೇಳಿದರೆ ಆಕೆ ನೆಲ ತೋರಿಸುತ್ತಾಳೆ. “ಇಲ್ಲೊಂದು ಬೆಂಚು. ಅಷ್ಟೇ. ಅವರ ಹೆಸರೇನೂ ಬೇಡ. ಹೆಸರು ಬರೆದ್ರೆ ಬಂದು ಫೋಟೊ ತೆಗೆಸಿಕೊಳ್ತಾರೆ.”

ಟೈಲರಮ್ಮನ ಮನೆ ಬೀದಿಯ ಕೊನೆಯಲ್ಲಿ, ಮೆಟ್ಟಿಲ ಕೆಳಗಿನ ಒಂದೇ ಕೋಣೆ. ಆಕೆ ಕುದಿಯುವ ನೀರು ತುಂಬಿದ ಸ್ಟೀಲ್ ಡಬ್ಬಿಯನ್ನು ಬಟ್ಟೆಯಲ್ಲಿ ಹಿಡಿದು, ಒಂದು ಅಂಗಿಯ ಹೊಲಿಗೆಯನ್ನು ಒತ್ತುತ್ತಿದ್ದಾಳೆ. ಹನ್ನೆರಡು ದಿನದಿಂದ ಹೀಗೆಯೇ ಒತ್ತಿದ್ದಾಳೆ. ಸಾವಿನ ಮನೆಗೆ ಮೂರು ಸಲ ಬಂದು ಪಾತ್ರೆ ತೊಳೆದು ಹೋದವಳು ಇಸ್ತ್ರಿಯ ಸುದ್ದಿ ಎತ್ತಿರಲಿಲ್ಲ.

ಅಕ್ಕ ಮೊದಲು ಕಾಗದಗಳನ್ನು ಕೊಡುತ್ತಾಳೆ. ಟೈಲರಮ್ಮ ಮಗಳ ಪತ್ರವನ್ನು ಮುಟ್ಟಿ, ಕಂದು ಮೂಲೆಯ ಮೇಲೆ ಬೆರಳಿಡುತ್ತಾಳೆ. ಆಮೇಲೆ ಅಕ್ಕ ಚೀಲದಿಂದ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಡುತ್ತಾಳೆ.

“ಇಟ್ಕೋ ಅಕ್ಕ. ಇನ್ನೂ ಇಪ್ಪತ್ತು ಸಂಸಾರದ್ದು ಇದೆಯಲ್ಲ.”

“ಬೇಕಾದಾಗ ಬಂದು ಕೇಳ್ತೀನಿ. ಎರಡು ದಿನಕ್ಕೆ ಅಂತ ತಂದಿದ್ದು ಅವರು. ಈಗ್ಲೇ ತಡ ಆಗಿದೆ.”

ಟೈಲರಮ್ಮ ವೈರನ್ನು ಬಿಡಿಸುತ್ತಾಳೆ. ಬುಡದಲ್ಲಿ ಕೈ ನಿಲ್ಲುತ್ತದೆ. ಅಲ್ಲಿ ವೈರಿನ ಹೊದಿಕೆ ಹರಿದು ತಾಮ್ರ ಕಾಣುತ್ತಿತ್ತು, ಎರಡು ಸಲ ಆಕೆಗೆ ಶಾಕ್ ಹೊಡೆದಿತ್ತು. ಈಗ ಕಪ್ಪು ಟೇಪು ಬಿಗಿಯಾಗಿ, ಒಂದರ ಮೇಲೊಂದು ಒತ್ತಿ, ತುದಿಯನ್ನು ಮಡಚಿ ಸುತ್ತಿದೆ.

“ಇದು ನೀನು ಮಾಡಿದ್ದಾ?”

ಅಕ್ಕ ಬಗ್ಗಿ ನೋಡುತ್ತಾಳೆ. ಬೆಳಿಗ್ಗೆಯಿಂದ ಆಕೆ ಅದನ್ನು ಗಮನಿಸಿರಲೇ ಇಲ್ಲ.

“ಇಲ್ಲ,” ಎನ್ನುತ್ತಾಳೆ. “ಅವರು ಯಾರ ವಸ್ತುನೂ ತಂದ ಹಾಗೇ ವಾಪಸ್ ಕೊಟ್ಟಿಲ್ಲ.”